ಎಡಗಿವಿ ಮನೆಗೆ, ಬಲಗಿವಿ ಹಾಡಿಗೆ

ಹುಟ್ಟಿದಾಗ ಅವಳಿಗೂ ಒಂದು ಒಳ್ಳೆಯ ಹೆಸರನ್ನೇ ಇಟ್ಟಿದ್ದರು. ಈಗ ಅದು ಬ್ಯಾಂಕಿನವರನ್ನು ಬಿಟ್ಟರೆ ಯಾರಿಗೂ ನೆನಪಿಲ್ಲ. ಮನೆಯಲ್ಲಿ, ಬೀದಿಯಲ್ಲಿ, ಅವಳು ಪರದೆ ಹೊಲಿಯಲು ಹೋಗುವ ಅಂಗಡಿಯಲ್ಲಿ, ಎಲ್ಲ ಕಡೆಯೂ ಅವಳು ಗದ್ದಲ. ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಪೆಟ್ಟಿಗೆಯಿಂದ ಬಟ್ಟೆಗಳ ಜೊತೆ ಒಂದು ಗಂಟು ಕ್ಯಾಸೆಟ್ಟುಗಳೂ ಹೊರಬಿದ್ದವು. ಗಂಡ ಕುತೂಹಲಕ್ಕೆ ಒಂದನ್ನು ಹಾಕಿದ. ಅರ್ಧ ನಿಮಿಷ ಕೇಳಿದವನೇ, "ಅಟ್ಟದಿಂದ ಪಾತ್ರೆ ಉರುಳಿದ ಹಾಗಿದೆಯಲ್ಲೇ, ಏನಿದು ಗದ್ದಲ" ಎಂದ. ಮನೆಯವರೆಲ್ಲ ನಕ್ಕರು. ಹಾಡಿಗೆ ಅಂದ ಮಾತು ಅವಳಿಗೆ ಅಂಟಿತು. ಆ ಮನೆಯಲ್ಲಿ ಬಾಗಿಲನ್ನು ಸದ್ದಾಗದಂತೆ ಹಾಕುವವಳು, ನಡೆದರೆ ಹೆಜ್ಜೆ ಕೇಳಿಸದವಳು ಅವಳೊಬ್ಬಳೇ ಎಂಬುದು ಬೇರೆ ಮಾತು.

ಮದುವೆಗೆ ಮೊದಲು ಅವಳು ಕ್ಯಾಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಿರಾಕಿಗಳು ಬೇಕಾದ ಹಾಡು ಹೇಳಿದರೆ ಅವನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುವುದು ಅವಳ ಕೆಲಸ. ಎಲ್ಲರಿಗೂ ಬೇಕಾಗಿದ್ದದ್ದು ಪ್ರೀತಿಯ ಹಾಡು, ವಿರಹದ ಹಾಡು. ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದಂಥವು. ದಿನವಿಡೀ ಅವನ್ನೇ ಕೇಳಿ ಕೇಳಿ ಕಿವಿ ಜಿಡ್ಡುಗಟ್ಟಿದ್ದ ಒಂದು ಮಧ್ಯಾಹ್ನ, ಯಾರೂ ಕೊಳ್ಳದ ಒಂದು ಕ್ಯಾಸೆಟ್ಟನ್ನು ಸುಮ್ಮನೆ ಹಾಕಿ ನೋಡಿದಳು. ಮೊದಲು ಗಿಟಾರಿನ ತಂತಿ ಕೆರೆದ ಸದ್ದು, ಆಮೇಲೆ ಡ್ರಮ್ಸು, ಆಮೇಲೆ ಒಬ್ಬ ಗಂಡಸಿನ ದನಿ. ಅವನು ಹಾಡುತ್ತಿರಲಿಲ್ಲ, ಕೋಣೆಯ ಬಾಗಿಲು ಹಾಕಿಕೊಂಡು ತನ್ನ ಜೊತೆಗೇ ಜಗಳಕ್ಕೆ ನಿಂತಿದ್ದ. ಸಿಟ್ಟನ್ನು ಹೀಗೆ ತಾಳಕ್ಕೆ ಕೂರಿಸಬಹುದೆಂದು ಅವಳಿಗೆ ಅಲ್ಲಿಯವರೆಗೂ ಯಾರೂ ಹೇಳಿರಲಿಲ್ಲ. ಹೆಣ್ಣುಮಕ್ಕಳಿಗೆ ಸಿಟ್ಟನ್ನು ನುಂಗುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದರು.

ಅಂಗಡಿಯ ಯಜಮಾನ ಅಂಥ ಕ್ಯಾಸೆಟ್ಟುಗಳನ್ನೆಲ್ಲ ಒಂದು ಡಬ್ಬಕ್ಕೆ ಹಾಕಿ ಮೇಲೆ 'ಇತರೆ' ಎಂದು ಬರೆದಿದ್ದ. ಅದಕ್ಕೆ ಆಲ್ಟರ್ನೇಟಿವ್ ರಾಕ್ ಎನ್ನುತ್ತಾರೆಂದು ಅವಳಿಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಗೊತ್ತಾದ ಮೇಲೂ 'ಇತರೆ' ಅನ್ನುವುದೇ ಸರಿಯಾದ ಹೆಸರು ಅನಿಸಿತು.

ಆ ಮಧ್ಯಾಹ್ನ ಕೇಳಿದ ಕ್ಯಾಸೆಟ್ಟಿನ ಬ್ಯಾಂಡಿನಲ್ಲಿ ನಾಲ್ಕು ಜನ. ಅವಳು ಅವರನ್ನು ನಮ್ಮ ನಾಲ್ವರು ಎನ್ನುತ್ತಿದ್ದಳು. ನಾಲ್ಕು ಜನ ಏನಂದಾರು ಎಂದು ಊರಿಗೆ ಊರೇ ಹೆದರುತ್ತದೆ. ಇವಳು ಮಾತ್ರ ನಾಲ್ಕು ಜನ ಏನಾದರೂ ಅನ್ನಲಪ್ಪಾ ಅಂತ ಕಾಯುತ್ತಾಳೆ ಎಂದು ತವರಲ್ಲಿ ತಂಗಿ ಆಡಿಕೊಳ್ಳುತ್ತಿದ್ದಳು.

ಮಗಳು ಹುಟ್ಟಿದ ವರ್ಷವೇ ನಾಲ್ವರ ಅತಿ ದೊಡ್ಡ ಆಲ್ಬಂ ಬಂತು. ಅದರಲ್ಲಿ ಒಂದು ಹಾಡಿದೆ. ಗಿಟಾರು ಒಂದೊಂದೇ ಮೆಟ್ಟಿಲು ಇಳಿದು ಬಂದಂತೆ ಶುರುವಾಗುವುದರಿಂದ ಅವಳು ಅದಕ್ಕೆ ಮೆಟ್ಟಿಲ ಹಾಡು ಎಂದು ಹೆಸರಿಟ್ಟಿದ್ದಳು. ಕೂಸಿಗೆ ಹಾಲೂಡುತ್ತ, ಪಾತ್ರೆ ತೊಳೆಯುತ್ತ, ಬಟ್ಟೆ ಮಡಚುತ್ತ ಅದನ್ನು ಎಷ್ಟು ಸಲ ಕೇಳಿದ್ದಳೋ ಲೆಕ್ಕವಿಲ್ಲ. ಕೇಳುವುದಕ್ಕೂ ಅವಳದೊಂದು ಕ್ರಮವಿತ್ತು. ಬಲಗಿವಿಗೆ ಇಯರ್‌ಫೋನು, ಎಡಗಡೆಯದು ಕತ್ತಿನಿಂದ ಇಳಿಬಿದ್ದಿರಬೇಕು. ಎಡಗಿವಿ ಮನೆಯದು. ಮೊದಲು ಕೂಸಿನ ಅಳುವಿಗೆ, ಆಮೇಲೆ ಒಲೆಯ ಮೇಲಿನ ಹಾಲಿಗೆ, ಬಾಗಿಲ ಗಂಟೆಗೆ, ನೀರಿನ ಟ್ಯಾಂಕು ತುಂಬಿ ಹೊರಚೆಲ್ಲುವ ಸದ್ದಿಗೆ. ಪರದೆ ಅಂಗಡಿಯಲ್ಲಿ ಯಜಮಾನನ ಕೂಗಿಗೆ. ಈಗ ಅತ್ತೆಗೆ. ಸೊಂಟದ ಮೂಳೆ ಮುರಿದು ಅವರು ಹಾಸಿಗೆ ಹಿಡಿದಿದ್ದಾರೆ. ಏನಾದರೂ ಬೇಕಾದರೆ ಚಮಚದಿಂದ ಮಂಚದ ಕಬ್ಬಿಣಕ್ಕೆ ಟಣ್ ಟಣ್ ಬಡಿಯುತ್ತಾರೆ. ಇಯರ್‌ಫೋನು ಹಳೆಯದಾಗಿ ಬಿಸಾಡುವಾಗ ನೋಡಿದರೆ ಬಲಗಡೆಯದರ ರಬ್ಬರು ಸವೆದು ಕಪ್ಪಾಗಿರುತ್ತಿತ್ತು. ಎಡಗಡೆಯದು ಅಂಗಡಿಯಿಂದ ತಂದ ಹಾಗೆಯೇ ಬೆಳ್ಳಗೆ. ಅದರಲ್ಲಿ ಯೋಚಿಸುವಂಥದ್ದು ಏನಾದರೂ ಇದೆ ಅಂತ ಅವಳು ಯೋಚಿಸಿರಲಿಲ್ಲ.

ಹಾಗೆ ಕೇಳುವುದು ಮನೆಯವರ ಲೆಕ್ಕದಲ್ಲಿ ಕೇಳುವುದೇ ಅಲ್ಲ. ಕೇಳುವುದೆಂದರೆ ಮೈದುನ ಕೇಳುವುದು. ಗಂಡ ನಕ್ಕು ಬಿಟ್ಟ ಆ ಕ್ಯಾಸೆಟ್ಟುಗಳ ಗಂಟಿಗೆ ಆಸೆಯಿಂದ ಕೈಹಾಕಿದವನು ಅವನೇ. ರಾಕ್ ಅಂದರೆ ಏನೆಂದು ಅವಳಿಂದಲೇ ತಿಳಿದವನು. ಈಗ ಪಕ್ಕದ ಬೀದಿಯಲ್ಲಿ ಅವನದೇ ಮನೆ, ಆ ಮನೆಯಲ್ಲಿ ಹಾಡಿಗೆಂದೇ ಒಂದು ಕೋಣೆ. ಗೋಡೆಗೆ ಗಿಟಾರು, ಎರಡು ಮೂಲೆಗಳಲ್ಲಿ ಎದೆಯೆತ್ತರದ ಸ್ಪೀಕರು, ನಡುವೆ ಒಂದೇ ಒಂದು ಕುರ್ಚಿ. ಅವನು ಅಲ್ಲಿ ಕೂತರೆ ಓರಗಿತ್ತಿ ಮಕ್ಕಳಿಗೆ ಬಾಯಿ ಮೇಲೆ ಬೆರಳಿಟ್ಟು ತೋರಿಸುತ್ತಾಳೆ. "ಸದ್ದು ಮಾಡಬೇಡಿ, ಅಪ್ಪ ಕೇಳ್ತಿದ್ದಾರೆ." ಕಾಫಿ ಬಾಗಿಲವರೆಗೆ ಹೋಗುತ್ತದೆ, ಖಾಲಿ ಲೋಟ ಬಾಗಿಲಿಂದ ವಾಪಸು ಬರುತ್ತದೆ.

ಅವನ ಹುಟ್ಟುಹಬ್ಬಕ್ಕೆಂದು ಒಂದು ಭಾನುವಾರ ಗಂಡ ಹೆಂಡತಿ ಅಲ್ಲಿಗೆ ಊಟಕ್ಕೆ ಹೋಗಿದ್ದರು. ಅತ್ತೆಯ ಹತ್ತಿರ ಮಗಳನ್ನು ಕೂರಿಸಿದ್ದರು. ಗದ್ದಲ ಓರಗಿತ್ತಿಯ ಜೊತೆ ಬಡಿಸುತ್ತಿದ್ದಾಗ ಮೈದುನ ಹೇಳಿದ:

"ಅತ್ತಿಗೆ, ನಿಮ್ಮ ನಾಲ್ವರು ಮತ್ತೆ ಬರ್ತಿದ್ದಾರೆ, ಗೊತ್ತಾಯ್ತಾ? ಬರೋ ಶುಕ್ರವಾರ ಹೊಸ ಆಲ್ಬಂ."

ಅವಳ ಕೈಯ ಸೌಟು ನಿಂತಿತು. ಅವರು ಬೇರೆಬೇರೆಯಾಗಿ ಎಷ್ಟೋ ವರ್ಷಗಳಾಗಿದ್ದವು. "ನಿಜ ಹೇಳು."

"ನಿಮ್ಮ ಹತ್ರ ಈ ವಿಷಯದಲ್ಲಿ ಸುಳ್ಳು ಹೇಳಿ ನಾನು ಬದುಕೋದುಂಟಾ? ಆದ್ರೆ ಏನೇ ಅನ್ನಿ, ಮೆಟ್ಟಿಲ ಹಾಡಿನಂಥದ್ದು ಇನ್ನೊಂದು ಬರಲ್ಲ. ಕೊನೇಲಿ ಆ ಹೆಂಗಸಿನ ದನಿ ಬಂದು ಅವನಿಗೆ ಉತ್ತರ ಕೊಡುತ್ತಲ್ಲ, ಈಗ್ಲೂ ಮೈ ಜುಮ್ ಅನ್ನುತ್ತೆ."

"ಯಾವ ಹೆಂಗಸು?"

"ಅದೇ, ಕೊನೇ ಚರಣದಲ್ಲಿ."

"ಅದರಲ್ಲಿ ಹೆಂಗಸಿನ ದನಿ ಇಲ್ಲ. ಬೇರೆ ಯಾವುದನ್ನೋ ಕಲಸಿಕೊಂಡಿದ್ದೀಯ. ಅವನೊಬ್ಬನೇ ಹಾಡೋದು. ಒಂದೊಂದು ಸಾಲು ಹಾಡಿ ಸುಮ್ಮನಾಗ್ತಾನೆ. ಆ ಸುಮ್ಮನಿರೋದೇ ಅದರ ಸೊಗಸು."

ಮೈದುನ ಅಣ್ಣನ ಮುಖ ನೋಡಿ ನಕ್ಕ. "ಅತ್ತಿಗೆಗೆ ವಯಸ್ಸಾಯ್ತು ಕಣೋ."

"ವಯಸ್ಸಾಗಿರೋದು ನಿನ್ನ ಕಿವಿಗೆ," ಎಂದಳು ಗದ್ದಲ. "ಆ ಹಾಡನ್ನ ನಾನು ನಿದ್ದೆಗಣ್ಣಲ್ಲಿ ಹೇಳ್ತೀನಿ. ಬಾಜಿ ಕಟ್ಟು ಬೇಕಾದ್ರೆ."

ಊಟ ಮುಗಿಸಿ ಎಲ್ಲರೂ ಆ ಕೋಣೆಗೆ ಹೋದರು. ಮೈದುನ ಅವಳನ್ನು ಆ ಒಂದೇ ಕುರ್ಚಿಯಲ್ಲಿ ಕೂರಿಸಿ ಹಾಡು ಹಾಕಿದ. ಗಿಟಾರು ಮೆಟ್ಟಿಲಿಳಿಯಿತು. ಅವಳ ಜೀವದ ಹಾಡು. ಕೊನೆಯ ಚರಣ ಬಂತು. ಹಾಡುಗಾರ ಒಂದು ಸಾಲು ಹಾಡಿ ನಿಲ್ಲಿಸಿದ. ಆಗ ಎಡಗಡೆಯ ಮೂಲೆಯಿಂದ, ಎಡಗಡೆಯಿಂದ ಮಾತ್ರ, ಒಬ್ಬ ಹೆಂಗಸು ಮಾತಾಡಿದಳು. ಕೂಗಲಿಲ್ಲ, ಅಳಲಿಲ್ಲ, ಎಷ್ಟೋ ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದು ಈಗ ಬಾಯಿ ತೆರೆದವಳ ಹಾಗೆ ಒಂದೊಂದೇ ಸಾಲಿನಲ್ಲಿ ಅವನಿಗೆ ಉತ್ತರ ಕೊಟ್ಟಳು. ಗದ್ದಲ ಇಷ್ಟು ವರ್ಷ ಸೊಗಸೆಂದು ತಿಳಿದಿದ್ದ ಆ ಒಂದೊಂದು ಮೌನದಲ್ಲೂ ಅವಳಿದ್ದಳು.

"ಏನತ್ತಿಗೆ, ಬಾಜಿ?" ಎಂದ ಮೈದುನ.

"ಪಾತ್ರೆ ಸದ್ದಲ್ಲಿ ಹೆಂಗಸಿದ್ರೇನು ಗಂಡಸಿದ್ರೇನು," ಎಂದು ಗಂಡ ಹೊಟ್ಟೆ ಹಿಡಿದು ನಕ್ಕ. ಓರಗಿತ್ತಿ ಮಾತ್ರ ನಗಲಿಲ್ಲ. ಅವಳು ಬಾಗಿಲಲ್ಲಿ ನಿಂತಿದ್ದಳು; ಆ ಕೋಣೆಯಲ್ಲಿ ಅವಳು ನಿಲ್ಲುವ ಜಾಗ ಅದೇ.

ಮನೆಗೆ ಬರುವ ದಾರಿಯುದ್ದಕ್ಕೂ ಗದ್ದಲ ಗಂಡನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಸೋತದ್ದಕ್ಕೆ ಸಿಟ್ಟಲ್ಲ. ಯಾರ ಮೇಲೆ ಸಿಟ್ಟೆಂದು ಗೊತ್ತಾಗದಿದ್ದರೆ ಅದು ಇನ್ನೂ ಕೆಟ್ಟದ್ದು. ಇಳಿಸಲು ಜಾಗವಿಲ್ಲದ ಹೊರೆಯ ಹಾಗೆ. ತನ್ನ ಪ್ರಾಣವೆಂದುಕೊಂಡ ಹಾಡನ್ನು ತಾನು ಅರ್ಧವೇ ಕೇಳಿದ್ದಳು. ಉಳಿದರ್ಧ ಕೇಳಬೇಕಾಗಿದ್ದ ಕಿವಿಯಲ್ಲಿ ಹಾಲು ಉಕ್ಕುತ್ತಿತ್ತು, ಟ್ಯಾಂಕು ತುಂಬುತ್ತಿತ್ತು, ಚಮಚ ಬಡಿಯುತ್ತಿತ್ತು. ಹಾಗಾದರೆ ಇನ್ನೂ ಯಾವ ಯಾವ ಹಾಡಿನಲ್ಲಿ ಏನೇನು ಹೋಗಿದೆಯೋ. ಹಳೆಯದನ್ನೆಲ್ಲ ಮತ್ತೆ ಕೇಳಬಹುದು, ಯಾರು ಬೇಡವೆಂದರು? ಆದರೆ ಮೊದಲ ಸಲ ಕೇಳುವುದು ಒಂದೇ ಸಲ.

ಹೊಸ ಆಲ್ಬಮ್ಮಿಗೆ ಹಾಗಾಗಬಾರದು. ಮೊದಲಿನಿಂದ ಕೊನೆಯವರೆಗೆ, ಅವರು ಜೋಡಿಸಿದ ಕ್ರಮದಲ್ಲೇ, ಎರಡೂ ಕಿವಿಯಲ್ಲಿ, ಏಳದೆ, ಒಂದು ಸಲ. ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಒಂದು ಗಂಟೆಯೂ ಅಲ್ಲ.

ಶುಕ್ರವಾರ ಬೆಳಿಗ್ಗೆಯೇ ಮೈದುನನ ಫೋನು ಬಂತು. "ಕೇಳಿದ್ರಾ ಅತ್ತಿಗೆ? ಐದನೇ ಹಾಡಿದೆಯಲ್ಲ, ಅದರ ನಡುವೆ..."

"ಹೇಳಬೇಡ."

"ಇನ್ನೂ ಕೇಳಿಲ್ವಾ? ಏನು ಮಾಡ್ತಿದ್ದೀರಿ ಇಷ್ಟೊತ್ತು?"

ಒಂದು ಕೈಯಲ್ಲಿ ಅತ್ತೆಯ ಮಲದ ಪಾತ್ರೆ ಹಿಡಿದಿದ್ದ ಗದ್ದಲ, "ಗಿಟಾರು ನುಡಿಸ್ತಿದ್ದೆ," ಎಂದು ಫೋನಿಟ್ಟಳು.

ಆ ದಿನ ಅಂಗಡಿಯಲ್ಲಿ ಒಂದು ಹೋಟೆಲಿನ ಪರದೆಗಳ ಕೆಲಸ. ಕೊಡುವ ದಿನ ಹತ್ತಿರ ಬಂದಿತ್ತು. ಮೇಲಂಚಿನ ನೆರಿಗೆಗಳು ಒಂದೇ ಅಳತೆಯಲ್ಲಿ ಬೀಳಬೇಕು. ಒಂದು ತಪ್ಪಿದರೂ ತೂಗುಹಾಕಿದಾಗ ಇಡೀ ಪರದೆ ಸೊಟ್ಟಗೆ ನಗುತ್ತದೆ. ಪಕ್ಕದಲ್ಲಿ ಇಸ್ತ್ರಿ ಮಾಡುವವಳು, "ಏನೇ ಗದ್ದಲ, ಇವತ್ತು ಕಿವಿ ಖಾಲಿ?" ಎಂದಳು.

"ಭಾನುವಾರಕ್ಕೆ ತೆಗೆದಿಟ್ಟಿದ್ದೀನಿ."

"ಕಿವೀನಾ?"

"ಹೂಂ. ಎರಡೂ."

"ಒಂದು ನನಗೂ ತೆಗೆದಿಡು," ಎಂದಳು ಇಸ್ತ್ರಿಯವಳು. "ನನ್ನವೆರಡೂ ಅತ್ತೆ ಮಾವನಿಗೆ ಬರೆದುಕೊಟ್ಟಾಗಿದೆ."

ರಾತ್ರಿ ಕೇಳಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ದಿಂಬಿಗೆ ತಲೆ ಕೊಟ್ಟರೆ ಒಂದು ಹಾಡಿನ ಅರ್ಧಕ್ಕೆ ಅವಳು ಕಲ್ಲಾಗಿ ಬಿದ್ದಿರುತ್ತಾಳೆ. ಪ್ರಯತ್ನಿಸಿ ನೋಡಿದವಳೇ ಅವಳು.

ಗಂಡನ ಹತ್ತಿರ ಮಾತಾಡುವುದಿತ್ತು. ಅವನು ವಿದ್ಯುತ್ ಮೀಟರು ಓದುವವನು. ಯಾರ ಮನೆಯ ಮೀಟರು ಮೆಟ್ಟಿಲ ಕೆಳಗಿದೆ, ಯಾರದ್ದು ನಾಯಿಯ ಗೂಡಿನ ಹಿಂದಿದೆ, ಎಲ್ಲ ಅವನಿಗೆ ಬಾಯಿಪಾಠ. ತಾಯಿಯ ಮಾತ್ರೆ ಯಾವ ಕಪಾಟಿನಲ್ಲಿದೆ ಅಂದರೆ ಮಾತ್ರ ಹೆಂಡತಿಯ ಮುಖ ನೋಡುತ್ತಾನೆ. ಕೆಟ್ಟವನಲ್ಲ. ಕೈಯೆತ್ತಿದವನಲ್ಲ, ಕುಡಿದು ಬಂದವನಲ್ಲ. ಅವಳ ಕಷ್ಟವೇ ಅದು. ದೂರಲು ಹೋದರೆ ಹೇಳಲು ಒಂದು ದೊಡ್ಡ ಮಾತೂ ಸಿಗುವುದಿಲ್ಲ.

"ಭಾನುವಾರ ಮಧ್ಯಾಹ್ನ ಒಂದು ಗಂಟೆ ನೀವು ಮನೆ ನೋಡಿಕೊಳ್ಳಬೇಕು ರೀ," ಎಂದಳು.

"ಎಲ್ಲಿಗೆ ಹೋಗ್ತಿದ್ದೀಯ?"

"ಎಲ್ಲಿಗೂ ಇಲ್ಲ. ಕೋಣೇಲಿ ಇರ್ತೀನಿ. ಹಾಡು ಕೇಳ್ತೀನಿ."

"ಇಲ್ಲೇ ಇರ್ತೀಯಲ್ಲ, ಮತ್ತೆ ನಾನೇನು ನೋಡಿಕೊಳ್ಳೋದು?"

"ನಾನು ಇಲ್ಲ ಅಂತ ತಿಳ್ಕೊಳ್ಳಿ. ಅತ್ತೆ ಚಮಚ ಬಡಿದರೆ ನಿಮಗೆ ಕೇಳಿಸಬೇಕು."

"ಅಷ್ಟೇ ತಾನೇ? ನನಗೇನು ಕಿವಿ ಇಲ್ವಾ?" ಎಂದ ಗಂಡ, ನಿಜವಾಗಿಯೂ ನೋವಾದವನ ಹಾಗೆ.

ಭಾನುವಾರ ಅವಳು ಬೇಗ ಎದ್ದು, ಕರೆಯುವುದಕ್ಕೆ ಇರಬಹುದಾದ ಕಾರಣಗಳನ್ನೆಲ್ಲ ಒಂದೊಂದಾಗಿ ಮುಗಿಸುತ್ತ ಬಂದಳು. ಅತ್ತೆಗೆ ಊಟ ಮಾಡಿಸಿ, ಮಾತ್ರೆ ಕೊಟ್ಟು, ಬೆನ್ನಿಗೆ ಪೌಡರ್ ಹಾಕಿ, ಮಗ್ಗುಲು ಬದಲಿಸಿ, ನೀರಿನ ಲೋಟ ಕೈಗೆಟುಕುವಂತೆ ಇಟ್ಟಳು. ಬಟ್ಟೆ ಒಗೆದಾಯಿತು, ಪಾತ್ರೆ ತೊಳೆದಾಯಿತು, ಟ್ಯಾಂಕಿನ ಮೋಟಾರು ಆರಿಸಿದಳು. ಬಿಡುವು ಮಾಡಿಕೊಳ್ಳುವುದರಲ್ಲೇ ಮೈ ಅರ್ಧ ಸೋತಿತ್ತು. ಮಗಳು ಗೆಳತಿಯ ಮನೆಗೆ ಓದಲು ಹೊರಟವಳು ತನ್ನ ದೊಡ್ಡ ಹೆಡ್‌ಫೋನನ್ನು ಅಮ್ಮನ ತಲೆಗೆ ತಾನೇ ತೊಡಿಸಿ ನೋಡಿದಳು.

"ಒಂದು ಕಡೆ ಸರಿಸಿ ಮೇಲೆ ಇಟ್ಕೊಂಡೆ ಅಂದ್ರೆ ನೋಡು ಮತ್ತೆ," ಎಂದಳು.

"ನೀನು ಇರಬಹುದಿತ್ತು ಒಂದು ಗಂಟೆ," ಎಂಬ ಮಾತು ಗದ್ದಲಳ ನಾಲಿಗೆ ತುದಿಯವರೆಗೆ ಬಂದಿತ್ತು. ನುಂಗಿಕೊಂಡಳು. ತನ್ನ ಎಡಗಿವಿಯನ್ನು ಮಗಳಿಗೆ ದಾಟಿಸುವುದು ಅವಳಿಗೆ ಬೇಕಿರಲಿಲ್ಲ.

ಕೋಣೆಯ ಬಾಗಿಲು ಹಾಕಿ, ಮಂಚದ ಮೇಲೆ ಗೋಡೆಗೊರಗಿ ಕೂತಳು. ಹೆಡ್‌ಫೋನು ಎರಡೂ ಕಿವಿಯನ್ನು ಮುಚ್ಚಿದಾಗ ಮನೆ ಇದ್ದಕ್ಕಿದ್ದಂತೆ ಆರಿಹೋಯಿತು. ಆಮೇಲೆ ಹಾಡು ಬಂತು.

ಹಾಡುವವನ ದನಿಗೆ ವಯಸ್ಸಾಗಿತ್ತು. ಮೊದಲು ಏರುತ್ತಿದ್ದ ಕಡೆಗೆ ಈಗ ಏರುವುದಿಲ್ಲ. ಏರಲಾಗದೆ ನಿಂತು, ಅಲ್ಲಿಂದಲೇ ಒರಟಾಗಿ ಒಂದು ಮಾತು ಎಸೆಯುತ್ತಾನೆ. ಇವರೂ ಮೆತ್ತಗಾಗಿಬಿಟ್ಟರೇನೋ ಎಂದು ಮೊದಲ ಹಾಡಿನಲ್ಲಿ ಅವಳಿಗೆ ಭಯವಾಯಿತು. ಎರಡನೆಯದರಲ್ಲಿ ಬೇಸ್ ಗಿಟಾರು ಹೊಟ್ಟೆಯೊಳಗಿನಿಂದ ಬಂದ ಹಾಗೆ ಬಂದು ಆ ಭಯವನ್ನು ಒದ್ದು ಓಡಿಸಿತು. ಬಲಗಡೆ ಒಂದು ಗಿಟಾರು, ಎಡಗಡೆ ಇನ್ನೊಂದು. ಒಂದೇ ಮಂಚದಲ್ಲಿ ಮಲಗಿ ಒಬ್ಬರ ಮೇಲೊಬ್ಬರು ಮುನಿಸಿಕೊಂಡವರ ಹಾಗೆ. ನಡುವೆ ತಾನು. ಹಾಡಿನೊಳಗೆ ಇಷ್ಟು ಜಾಗವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಮೂರನೆಯದಕ್ಕೆ ಕಾಲು ತಾಳ ಹಾಕುತ್ತಿತ್ತು. ನಾಲ್ಕನೆಯದಕ್ಕೆ ಕಣ್ಣು ಮುಚ್ಚಿದಳು. ಐದನೆಯದು ಶುರುವಾಗಿ, ಎಲ್ಲ ವಾದ್ಯಗಳೂ ಒಟ್ಟಿಗೆ ಉಸಿರು ಬಿಗಿಹಿಡಿದು ನಿಂತಾಗ, ಯಾರೋ ಭುಜ ಅಲುಗಿಸಿದರು.

ಗಂಡ. ಹೆಡ್‌ಫೋನಿನ ಎಡಗಡೆಯನ್ನು ಅವನೇ ಎತ್ತಿ ಹೇಳಿದ: "ಅಮ್ಮ ಬಡೀತಿದ್ದಾಳೆ ಕಣೇ."

ಅವಳು ಅವನ ಮುಖವನ್ನೇ ನೋಡಿದಳು. "ಕೇಳಿಸ್ತಾ ನಿಮಗೆ?"

"ಕೇಳಿಸ್ತು. ಅದಕ್ಕೇ ತಕ್ಷಣ ಬಂದೆ." ಅವನ ಮುಖದಲ್ಲಿ ಕೊಟ್ಟ ಮಾತು ಉಳಿಸಿಕೊಂಡ ಸಮಾಧಾನವಿತ್ತು.

"ನನ್ನ ಹತ್ರ ಯಾಕೆ ಬಂದ್ರಿ? ಅತ್ತೆ ಕೋಣೆ ಆ ಕಡೆ ಇದೆ."

"ಏನು ಬೇಕೋ ಏನೋ. ನನಗೆ ಹೇಗೆ ಗೊತ್ತಾಗುತ್ತೆ?"

"ಕೇಳಿದ್ರೆ ಗೊತ್ತಾಗುತ್ತೆ. ಅವರಿಗೆ ಮುರಿದಿರೋದು ಸೊಂಟ. ಬಾಯಿ ಸರಿಯಾಗೇ ಇದೆ."

"ನಿನ್ನನ್ನೇ ಕರೀತಿರೋದು ಅವಳು."

"ಚಮಚ ಯಾರ ಹೆಸರೂ ಹಿಡಿದು ಕರೆಯೋಲ್ಲ ರೀ."

"ಒಂದು ಹಾಡಿಗೋಸ್ಕರ ಎಷ್ಟು ಮಾತು," ಎಂದು ಗೊಣಗುತ್ತ ಅವನು ತಾಯಿಯ ಕೋಣೆಗೆ ಹೋದ.

ಅವಳು ಹೆಡ್‌ಫೋನನ್ನು ಮತ್ತೆ ಸರಿಮಾಡಿಕೊಂಡಳು. ಐದನೆಯ ಹಾಡು ಮುಗಿಯುವ ಹಂತಕ್ಕೆ ಬಂದಿತ್ತು. ಹಿಂದಕ್ಕೆ ಹೋಗಿ ಅದನ್ನೇ ಮೊದಲಿಂದ ಹಾಕಿದಳು. ಆದರೆ ಎರಡೂ ಕಿವಿ ಮುಚ್ಚಿದ್ದರೂ ಡ್ರಮ್ಸಿನ ನಡುವೆ ಟಣ್ ಟಣ್ ಕೇಳಿಸುತ್ತಿತ್ತು. ಹಾಡು ನಿಲ್ಲಿಸಿದರೆ ಸದ್ದಿಲ್ಲ, ಹಾಕಿದರೆ ಇದೆ. ಅವನು ಅತ್ತೆಯನ್ನು ಎತ್ತಲು ಹೋಗಿ ಬೀಳಿಸಿದನೇನೋ. ಬಿಸಿನೀರು ಕೊಟ್ಟನೋ, ತಣ್ಣೀರು ಕೊಟ್ಟನೋ. ಇಷ್ಟು ವರ್ಷ ತೆರೆದಿಟ್ಟ ಕಿವಿ ಮುಚ್ಚು ಎಂದರೆ ಮುಚ್ಚೀತೆ? ತನ್ನ ಮೇಲೆಯೇ ರೇಗಿ, ಹೆಡ್‌ಫೋನು ಕಿತ್ತಿಟ್ಟು ಎದ್ದು ಹೋದಳು.

ಅತ್ತೆ ದಿಂಬಿಗೊರಗಿ ಕೂತಿದ್ದರು. ಹೊದಿಕೆಯ ಮೇಲೆ ಅಂಗೈಯಗಲ ಒದ್ದೆ. ಲೋಟದ ನೀರು ಮುಗಿದಿತ್ತಂತೆ. ಮಗ ತಂದುಕೊಟ್ಟನಂತೆ, ಅಂಚಿನವರೆಗೆ ತುಂಬಿಸಿ, ಅರ್ಧ ಮೈಮೇಲೆ ಸುರಿದು.

"ಹುಟ್ಟಿದಾಗಿನಿಂದ ಅವನು ನನಗೆ ಕೊಟ್ಟ ಮೊದಲನೇ ಲೋಟ ಇದು," ಎಂದರು ಅತ್ತೆ. "ಪರವಾಗಿಲ್ಲ, ಕಲೀತಾನೆ. ನಿನ್ನ ಹಾಡು ಮುಗೀತಾ?"

"ಇಲ್ಲ."

"ಮತ್ತೆ ಯಾಕೆ ಬಂದೆ?"

ಗದ್ದಲ ಒದ್ದೆ ಹೊದಿಕೆಯ ಕಡೆಗೆ ಕೈ ಚಾಚಿದಳು. ಅತ್ತೆ ಚಮಚದಿಂದ ಅವಳ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ಚೆಲ್ಲಿದವನು ಬದಲಾಯಿಸ್ತಾನೆ. ಹೋಗು ನೀನು. ಎರಡೂ ಕಡೆ ಅರ್ಧರ್ಧ ಇರಬೇಡ."

ಹೇಳುವುದು ಸುಲಭ. ಈ ಅತ್ತೆಯೇ ಇಷ್ಟು ವರ್ಷ ಅವಳು ಅರ್ಧರ್ಧ ಇದ್ದದ್ದನ್ನು ಕಂಡೂ ಒಂದು ದಿನ ಹೀಗೆ ಅಂದಿರಲಿಲ್ಲ. ಕೃತಜ್ಞತೆಯೂ ಸಿಟ್ಟೂ ಒಟ್ಟಿಗೇ ಬಂದವು.

ವಾಪಸು ಬಂದು, ಮಂಚದ ಮೇಲೆ ಕೂತು, ಮೊದಲನೆಯ ಹಾಡಿನಿಂದಲೇ ಶುರುಮಾಡಿದಳು. ಮೊದಲ ಸಲ ಕೇಳುವುದು ಹೇಗೂ ಕೈತಪ್ಪಿತ್ತು. ಇದು ಎರಡನೆಯ ಸಲ. ಆಗಲಿ.

ಎರಡನೆಯ ಹಾಡಿನ ನಡುವೆ ಬಾಗಿಲು ತೆರೆಯಿತು. ಗಂಡ ಒದ್ದೆ ಹೊದಿಕೆಯನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತಿದ್ದ. ಅವನ ಬಾಯಿ ಆಡುತ್ತಿತ್ತು. ಒಣಗಿದ್ದು ಎಲ್ಲಿದೆ ಎಂದಿರಬೇಕು. ಇದನ್ನು ಎಲ್ಲಿ ಹಾಕಲಿ ಎಂದಿರಬೇಕು. ಅವಳ ಎಡಗೈ ತಾನಾಗಿಯೇ ಎದ್ದು ಕಿವಿಯ ಹತ್ತಿರ ಬಂತು. ಅದನ್ನು ಬಲಗೈಯಿಂದ ಹಿಡಿದು ತೊಡೆಯ ಮೇಲೆ ಇಟ್ಟುಕೊಂಡಳು. ಅವನ ಬಾಯಿ ಇನ್ನೂ ಆಡುತ್ತಿತ್ತು. ಕಪಾಟಿನ ಕೆಳಗಿನ ಅರೆಯಲ್ಲಿದೆ ಎಂಬ ಮಾತು ಅವಳ ಹಲ್ಲಿಗೆ ಬಂದು ಬಡಿಯುತ್ತಿತ್ತು. ಹಲ್ಲು ಕಚ್ಚಿದಳು. ಅವನು ಒಳಗೆ ಬಂದು, ಮೂಲೆಯಲ್ಲಿದ್ದ ಕಪಾಟಿನ ಮೇಲಿನ ಬಾಗಿಲು ತೆರೆದ, ಮುಚ್ಚಿದ, ನಡುವಿನದು ತೆರೆದ. ಅವಳು ಕಣ್ಣು ಮುಚ್ಚಿಕೊಂಡಳು.

ಕಣ್ಣು ಬಿಟ್ಟಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಕಪಾಟಿನ ಮೂರೂ ಬಾಗಿಲು ತೆರೆದಿದ್ದವು; ಮಡಚಿಟ್ಟ ಬಟ್ಟೆಗಳೆಲ್ಲ ನೆಲದ ಮೇಲಿದ್ದವು. ಅಷ್ಟರಲ್ಲಿ ಮೂರನೆಯ ಹಾಡೂ ಮುಗಿದಿತ್ತು. ಅದು ಹೇಗಿತ್ತೆಂದು ಕೇಳಿದರೆ ಅವಳಿಗೆ ಗೊತ್ತಿಲ್ಲ; ಆ ಹಾಡು ಪೂರ್ತಿ ಕೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದರಲ್ಲೇ ಕಳೆದಿತ್ತು. ನೆಲದ ಮೇಲಿನ ಬಟ್ಟೆಯ ರಾಶಿಯನ್ನು ಒಮ್ಮೆ ನೋಡಿ, ಗೋಡೆಯ ಕಡೆ ತಿರುಗಿ ಕೂತು, ಮೂರನೆಯ ಹಾಡನ್ನು ಮತ್ತೆ ಹಾಕಿದಳು.